ಎಗ್ ದ್ವೀಪದ ಊರೊಟ್ಟಿನ ವಿದ್ಯುತ್

ಎಗ್, ಸ್ಕಾಟ್ಲೆಂಡ್‌ನ ಪಶ್ಚಿಮ ಕರಾವಳಿಯಾಚೆ ಇನ್ನರ್ ಹೆಬ್ರಿಡೀಸ್ ದ್ವೀಪಸಮೂಹಕ್ಕೆ ಸೇರಿದ, ಸುಮಾರು 31 ಚದರ ಕಿಲೋಮೀಟರ್ ವಿಸ್ತೀರ್ಣದ ಪುಟ್ಟ ದ್ವೀಪ. ಇಲ್ಲಿ ವಾಸಿಸುವವರು ನೂರರ ಆಸುಪಾಸು. ಮುಖ್ಯ ಭೂಭಾಗದ ವಿದ್ಯುತ್ ಜಾಲ ಇಲ್ಲಿಗೆ ಬಂದಿಲ್ಲ. ದ್ವೀಪದ ಜನರೇ ನಡೆಸುವ ‘ಎಗ್ ಎಲೆಕ್ಟ್ರಿಕ್’ ಸಂಸ್ಥೆ ನೀರು, ಗಾಳಿ, ಬಿಸಿಲು ಮೂರರಿಂದಲೂ ವಿದ್ಯುತ್ ತಯಾರಿಸಿ, 2008ರ ಫೆಬ್ರವರಿ 1ರಿಂದ ದಿನದ 24 ಗಂಟೆಯೂ ಪೂರೈಸುತ್ತಿದೆ.

ಮೊದಲು ನೆಲ, ಆಮೇಲೆ ವಿದ್ಯುತ್

ಎಗ್ ಬಹುಕಾಲ ಒಬ್ಬರಲ್ಲ ಒಬ್ಬ ಶ್ರೀಮಂತರ ಖಾಸಗಿ ಸ್ವತ್ತಾಗಿತ್ತು. ಭೂಮಾಲೀಕರು ಬದಲಾಗುತ್ತಿದ್ದರು, ನಿವಾಸಿಗಳು ಬಾಡಿಗೆದಾರರಾಗಿಯೇ ಉಳಿಯುತ್ತಿದ್ದರು. ಭದ್ರವಾದ ಗೇಣಿಪತ್ರ ಇಲ್ಲದ ಮೇಲೆ ಮನೆ ದುರಸ್ತಿಗೆ ಕೈ ಹಾಕುವವರು ಯಾರು? 1997ರ ಜೂನ್ 12ರಂದು ‘ಐಲ್ ಆಫ್ ಎಗ್ ಹೆರಿಟೇಜ್ ಟ್ರಸ್ಟ್’ ಇಡೀ ದ್ವೀಪವನ್ನು ಸುಮಾರು 15 ಲಕ್ಷ ಪೌಂಡ್‌ಗೆ ಕೊಂಡಿತು. ಹಣದ ಬಹುಪಾಲು ಸಾರ್ವಜನಿಕರ ದೇಣಿಗೆಯಿಂದ ಬಂತು. ಹೆಸರು ಹೇಳಿಕೊಳ್ಳದ ದಾನಿಯೊಬ್ಬರ ಪಾಲು ಅದರಲ್ಲಿ ದೊಡ್ಡದು. ದ್ವೀಪದ ನಿವಾಸಿಗಳ ಸಂಘ, ಹೈಲ್ಯಾಂಡ್ ಕೌನ್ಸಿಲ್ ಮತ್ತು ಸ್ಕಾಟಿಷ್ ವೈಲ್ಡ್‌ಲೈಫ್ ಟ್ರಸ್ಟ್ ಈ ಟ್ರಸ್ಟ್‌ನ ಸದಸ್ಯರು.

ಆಗಿನ್ನೂ ಹೆಚ್ಚಿನ ಮನೆಗಳಲ್ಲಿ ಕರೆಂಟ್ ಎಂದರೆ ಸ್ವಂತ ಡೀಸೆಲ್ ಜನರೇಟರ್. ದೋಣಿಯಲ್ಲಿ ಬರುವ ಡೀಸೆಲ್ ದುಬಾರಿ. ಹಾಗಾಗಿ ಜನರೇಟರ್ ಓಡುತ್ತಿದ್ದುದು ದಿನಕ್ಕೆ ಕೆಲವೇ ಗಂಟೆ. ಸಮುದ್ರದಡಿ ಕೇಬಲ್ ಎಳೆದು ರಾಷ್ಟ್ರೀಯ ಜಾಲಕ್ಕೆ ಸೇರಿಸುವ ಖರ್ಚು ಇಷ್ಟು ಕಡಿಮೆ ಜನರಿಗೆ ಹೊರಲಾರದ್ದಾಗಿತ್ತು.

ಮೂರು ಮೂಲ, ಒಂದು ಜಾಲ

ಹಾಗಾಗಿ ದ್ವೀಪದಲ್ಲೇ ವಿದ್ಯುತ್ ತಯಾರಿಸುವ ಯೋಜನೆ ರೂಪುಗೊಂಡಿತು. ಅದಕ್ಕೆ ಒಟ್ಟು ತಗುಲಿದ್ದು ಸುಮಾರು 16 ಲಕ್ಷ ಪೌಂಡ್. ಯುರೋಪಿಯನ್ ಪ್ರಾದೇಶಿಕ ಅಭಿವೃದ್ಧಿ ನಿಧಿ, ಲಾಟರಿ ನಿಧಿ ಮೊದಲಾದವು ಅನುದಾನ ಕೊಟ್ಟವು. ನಿವಾಸಿಗಳೂ ಸಂಪರ್ಕಕ್ಕೆ ಹಣ ಕಟ್ಟಿದರು.

ಆಧಾರಸ್ತಂಭ ಲೈಗ್ ಬಳಿಯ 100 ಕಿಲೋವಾಟ್ ಜಲವಿದ್ಯುತ್ ಘಟಕ. ಜೊತೆಗೆ ಇನ್ನೆರಡು ಚಿಕ್ಕ ಜಲಘಟಕಗಳಿವೆ. ಆನ್ ಸ್ಗೂರ್ ಬೆಟ್ಟದ ಬುಡದಲ್ಲಿ ತಲಾ 6 ಕಿಲೋವಾಟ್‌ನ ನಾಲ್ಕು ಗಾಳಿಯಂತ್ರಗಳು ನಿಂತಿವೆ. ಆರಂಭದಲ್ಲಿ 10 ಕಿಲೋವಾಟ್ ಇದ್ದ ಸೌರಫಲಕಗಳನ್ನು ಆಮೇಲೆ ಹಂತಹಂತವಾಗಿ ಹೆಚ್ಚಿಸಲಾಯಿತು. ಚಳಿಗಾಲದಲ್ಲಿ ಮಳೆ, ಗಾಳಿ ಜೋರು. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ದೀರ್ಘ ಹಗಲಿನ ಬಿಸಿಲು ನೆರವಿಗೆ ಬರುತ್ತದೆ. ಮೂರೂ ಒಟ್ಟಿಗೆ ಕೈಕೊಡುವ ದಿನಗಳು ಕಡಿಮೆ. ಹೆಚ್ಚುವರಿ ವಿದ್ಯುತ್ ಬ್ಯಾಟರಿಗಳಲ್ಲಿ ಸಂಗ್ರಹವಾಗುತ್ತದೆ. ಕೊನೆಯ ಆಸರೆಯಾಗಿ ಡೀಸೆಲ್ ಜನರೇಟರ್‌ಗಳಿವೆ. ಮನೆಗಳಿಗೆ ಹೋಗುವ ಸುಮಾರು 11 ಕಿಲೋಮೀಟರ್ ಕೇಬಲ್ ಪೂರ್ತಿ ನೆಲದಡಿ ಇದೆ.

ಐದು ಕಿಲೋವಾಟ್‌ನ ಕಟ್ಟುಪಾಡು

ಯಂತ್ರಗಳಷ್ಟೇ ಮುಖ್ಯವಾದದ್ದು ಊರವರು ಸೇರಿ ಒಪ್ಪಿಕೊಂಡ ಒಂದು ನಿಯಮ. ಮನೆಯೊಂದು ಏಕಕಾಲಕ್ಕೆ 5 ಕಿಲೋವಾಟ್, ಉದ್ಯಮವೊಂದು 10 ಕಿಲೋವಾಟ್ ಮೀರಿ ಬಳಸುವಂತಿಲ್ಲ. ಎಲೆಕ್ಟ್ರಿಕ್ ಕೆಟಲ್ ಒಂದೇ 2ರಿಂದ 3 ಕಿಲೋವಾಟ್ ಎಳೆಯುತ್ತದೆ. ಕೆಟಲ್ ಇಟ್ಟು, ವಾಷಿಂಗ್ ಮಷಿನ್ ಹಾಕಿ, ಮೇಲೆ ಹೀಟರನ್ನೂ ಹಚ್ಚಿದರೆ ಮೇನ್ ಟ್ರಿಪ್ ಆಗುತ್ತದೆ. ಆಗ ನಿರ್ವಹಣಾ ತಂಡದವರು ಬಂದು ಸರಿಪಡಿಸಬೇಕು, ಅದಕ್ಕೆ ಶುಲ್ಕ ತೆರಬೇಕು. ಆ ತಂಡದವರೂ ತರಬೇತಿ ಪಡೆದ ದ್ವೀಪವಾಸಿಗಳೇ. ಬಡವ ಬಲ್ಲಿದ ಎನ್ನದೆ ಎಲ್ಲ ಮನೆಗೂ ಮಿತಿ ಒಂದೇ ಆದ್ದರಿಂದ ಸಣ್ಣ ಜಾಲವೇ ಎಲ್ಲರಿಗೂ ಸಾಕಾಗುತ್ತದೆ.

ಮಳೆ, ಗಾಳಿ ಎರಡೂ ಕಡಿಮೆಯಾದಾಗ ಬಳಕೆ ತಗ್ಗಿಸುವಂತೆ ಊರಿಗೆ ಸೂಚನೆ ಹೋಗುತ್ತದೆ. ಉತ್ಪಾದನೆ ಮಿಕ್ಕಿದಾಗ ಅದೇ ಕರೆಂಟ್ ಸಮುದಾಯ ಭವನದಂಥ ಸಾರ್ವಜನಿಕ ಕಟ್ಟಡಗಳನ್ನು ಬೆಚ್ಚಗಿಡುತ್ತದೆ. ವರ್ಷದ ಒಟ್ಟು ಬಳಕೆಯಲ್ಲಿ ಶೇ. 90ರ ಆಸುಪಾಸು ನವೀಕರಿಸಬಹುದಾದ ಮೂಲಗಳದ್ದು.

ಊರು ಚೇತರಿಸಿಕೊಂಡ ಬಗೆ

1997ರಲ್ಲಿ ದ್ವೀಪದಲ್ಲಿದ್ದವರು ಸುಮಾರು 65 ಜನ. ಒಡೆತನ ಕೈಗೆ ಬಂದ ಮೇಲೆ ಭದ್ರವಾದ ಗೇಣಿಪತ್ರಗಳು ಸಿಕ್ಕವು, ಮನೆಗಳ ದುರಸ್ತಿ ನಡೆಯಿತು. ದೋಣಿಕಟ್ಟೆಯ ಬಳಿ ಅಂಗಡಿ, ಅಂಚೆ ಕಚೇರಿ, ಚಹಾದಂಗಡಿಗಳಿರುವ ಕಟ್ಟಡ ಎದ್ದಿತು. ನಿರಂತರ ವಿದ್ಯುತ್ ಬಂದ ಬಳಿಕ ಫ್ರೀಜರ್, ಕಂಪ್ಯೂಟರ್ ನಂಬಿಕೊಂಡು ನಡೆಸುವ ಕಸುಬುಗಳೂ ಸಾಧ್ಯವಾದವು. ಹೊರಗೆ ಹೋಗಿದ್ದ ಕೆಲವು ಯುವಕ ಯುವತಿಯರು ಮರಳಿ ಬಂದು ನೆಲೆಸಿದರು.

ಎಗ್ ಒಂಟಿ ಉದಾಹರಣೆಯಲ್ಲ. 2002ರಲ್ಲಿ ಊರವರ ಕೈಸೇರಿದ ಗೀಅ ದ್ವೀಪ, ಬಳಸಿದ ಮೂರು ಗಾಳಿಯಂತ್ರಗಳನ್ನು ಕೊಂಡು ನಿಲ್ಲಿಸಿತು. ತಲಾ 225 ಕಿಲೋವಾಟ್‌ನ ಈ ಯಂತ್ರಗಳ ವಿದ್ಯುತ್ತನ್ನು ರಾಷ್ಟ್ರೀಯ ಜಾಲಕ್ಕೆ ಮಾರಿ ಬಂದ ಲಾಭ ಊರಿನ ಕೆಲಸಗಳಿಗೆ ಒದಗಿತು. ಸ್ಕಾಟ್ಲೆಂಡ್‌ನ 2003ರ ಭೂ ಸುಧಾರಣಾ ಕಾಯ್ದೆ, ಗ್ರಾಮೀಣ ಸಮುದಾಯಗಳಿಗೆ ನೆಲ ಕೊಳ್ಳುವ ಹಕ್ಕನ್ನು ಕಾನೂನಾಗಿಸಿತು.

ಮುಂದಿನ ಸವಾಲು

ಎಗ್‌ನ ಮನೆಗಳು ಬೆಚ್ಚಗಾಗಲು ಇಂದಿಗೂ ಹೆಚ್ಚಾಗಿ ಕಟ್ಟಿಗೆ, ಕಲ್ಲಿದ್ದಲು, ಗ್ಯಾಸ್ ಬೇಕು. ಅದನ್ನೂ ವಿದ್ಯುತ್ತಿಗೆ ಬದಲಾಯಿಸಿದರೆ ಈಗಿನ ಜಾಲ ತಡೆಯದು. ಬ್ಯಾಟರಿ, ಯಂತ್ರಗಳಿಗೆ ವಯಸ್ಸಾಗುತ್ತದೆ. ಹೊಸ ಮನೆಗಳು ಎದ್ದಷ್ಟೂ ಲೋಡ್ ಏರುತ್ತದೆ. ಊರು ಬೆಳೆದದ್ದರಿಂದಲೇ ಹುಟ್ಟಿದ ಈ ಸಮಸ್ಯೆಗೆ ಮಿತಿ ಬಿಗಿ ಮಾಡಬೇಕೋ, ಸಾಮರ್ಥ್ಯ ಹೆಚ್ಚಿಸಬೇಕೋ ಎಂಬುದನ್ನು ತೀರ್ಮಾನಿಸುವವರೂ ಬಿಲ್ ಕಟ್ಟುವ ಅದೇ ನಿವಾಸಿಗಳು.