ಹಳೆ ಗೋವೆಯ ಗಂಟೆಗಳು



ಡಿಸೆಂಬರ್ 3 ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬ. ಪ್ರತಿ ವರ್ಷ ಈ ದಿನ ನಾವು ಅವರ ಪವಾಡಗಳನ್ನೂ ಪಯಣಗಳನ್ನೂ ಸ್ಮರಿಸುತ್ತೇವೆ. ಈ ಬಾರಿ ಅವರು ನಡೆದಾಡಿದ ನಗರದ ಕತೆಯನ್ನು ನಿಮ್ಮ ಮುಂದಿಡಲು ಬಯಸುತ್ತೇವೆ. ದಸರಾ ರಜೆಯಲ್ಲಿ ನಮ್ಮ ವೃದ್ಧ ತಾಯಿ, ತಮ್ಮ, ಅವನ ಹೆಂಡತಿ ಹಾಗೂ ಏಳನೆಯ ತರಗತಿಯಲ್ಲಿ ಓದುವ ಅವರ ಮಗಳೊಡನೆ ಎರಡು ದಿನದ ಮಟ್ಟಿಗೆ ಹಳೆ ಗೋವೆಗೆ ಹೋಗಿಬಂದೆವು. ತಾಯಿಗೆ ಅದು ಬಹುದಿನದ ಹರಕೆ, ಮಗುವಿಗೆ ಪ್ರವಾಸ. ನಮಗೋ ಗುರುಮಠದ ದಿನಗಳಲ್ಲಿ ಓದಿದ ಧರ್ಮಸಭೆಯ ಇತಿಹಾಸವನ್ನು ಕಣ್ಣಾರೆ ಕಾಣುವ ಅವಕಾಶ. ಆದರೆ ಆ ಮಗು ಕೇಳಿದ ಎರಡು ಪ್ರಶ್ನೆಗಳು ನಮ್ಮನ್ನು ಊರಿನವರೆಗೂ ಹಿಂಬಾಲಿಸಿ ಬಂದವು.

ಮೊದಲು ಮಾಂಡವಿ ನದಿಯ ದಡಕ್ಕೆ ಹೋದೆವು. ಈ ನದಿ ನಮಗೆ ಹೊರಗಿನದಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಹೊಳೆಯೇ ಇಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತದೆ. ಗೋವೆಯನ್ನು ಕದಂಬರು ಆಳಿದರು. ಆಮೇಲೆ ವಿಜಯನಗರದ ಅರಸರು, ಬಹಮನಿಗಳು, ಬಿಜಾಪುರದ ಆದಿಲಶಾಹಿಗಳು ಬಂದರು. 1510ರ ನವೆಂಬರ್ 25ರಂದು ಅಫೊನ್ಸೊ ದ ಅಲ್ಬುಕರ್ಕ್ ಪೋರ್ಚುಗಲ್ ರಾಜನ ಹೆಸರಿನಲ್ಲಿ ನಗರವನ್ನು ಗೆದ್ದನು. ಗೆಲುವಿನ ಬೆನ್ನಿಗೇ ಇಲ್ಲಿನ ಮುಸ್ಲಿಂ ನಿವಾಸಿಗಳ ಹತ್ಯೆಯೂ ನಡೆಯಿತು. ಅಂದು ಸಂತ ಕ್ಯಾಥರೀನಮ್ಮನವರ ಹಬ್ಬವಾಗಿತ್ತು. ಆದ್ದರಿಂದಲೇ ಇಲ್ಲಿನ ಪ್ರಧಾನ ದೇವಾಲಯವು ಆ ಸಂತಳಿಗೆ ಸಮರ್ಪಿತವಾಗಿದೆ. ಹೊಸ ವೈಸರಾಯ್ ಬಂದಾಗಲೆಲ್ಲ ನದಿಯಿಂದ ಮೇಲೇರಿ ನಗರ ಪ್ರವೇಶಿಸುತ್ತಿದ್ದ ಕಮಾನು ಇಂದಿಗೂ ನಿಂತಿದೆ. ಅಂದು ಆ ದಾರಿಯ ಇಕ್ಕೆಲಗಳಲ್ಲಿ ಅಂಗಡಿ ಬೀದಿ, ಅರಮನೆಗಳಿದ್ದವು. ಗೋವೆಯನ್ನು ಕಂಡವನು ಲಿಸ್ಬನ್ ಕಾಣಬೇಕಿಲ್ಲ ಎಂಬ ಮಾತೇ ಹುಟ್ಟಿಕೊಂಡಿತ್ತು. ಇಂದು ಅಲ್ಲಿ ಮರಗಳು, ಹುಲ್ಲುಹಾಸು, ನಡುನಡುವೆ ದೇವಾಲಯಗಳು ಮಾತ್ರ.

ಪ್ರಧಾನ ದೇವಾಲಯದ ಕಟ್ಟಡವನ್ನು 1562ರಲ್ಲಿ ಆರಂಭಿಸಿ 1619ರಲ್ಲಿ ಮುಗಿಸಿದರು. ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿಯಿತು. ಉಳಿದ ಗೋಪುರದಲ್ಲಿ ಗೋವೆಯಲ್ಲೇ ಅತಿ ದೊಡ್ಡದಾದ ಗಂಟೆ ಇದೆ. ಅದರ ನಾದ ಇಂಪಾಗಿರುವುದರಿಂದ ಅದನ್ನು ಚಿನ್ನದ ಗಂಟೆ ಎಂದು ಕರೆಯುತ್ತಾರೆ.

ಅಲ್ಲಿಂದ ಪವಿತ್ರ ಬೆಟ್ಟದ ಕಡೆಗೆ ನಡೆದೆವು. ಅಲ್ಲಿ ಅಗಸ್ಟೀನ್ ಸಭೆಯವರ ಕೃಪಾಮಾತೆಯ ದೇವಾಲಯದ ಅವಶೇಷಗಳಿವೆ. 17ನೆಯ ಶತಮಾನದ ಆರಂಭದಲ್ಲಿ ಪೂರ್ಣಗೊಂಡ ಈ ದೇವಾಲಯ ಗೋವೆಯ ಅತಿ ಭವ್ಯ ಕಟ್ಟಡಗಳಲ್ಲಿ ಒಂದಾಗಿತ್ತು. ಈಗ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಒಂದು ಮುರಕಲ್ಲಿನ ಗೋಪುರ, ಅದೂ ಅರ್ಧ. ನೆಲದ ಮೇಲೆ ಸಮಾಧಿ ಕಲ್ಲುಗಳು, ತಲೆಯ ಮೇಲೆ ಬರಿಯ ಆಕಾಶ. ಮಗು ಕೇಳಿತು: “ದೊಡ್ಡಪ್ಪ, ಇದು ದೇವರ ಮನೆಯಲ್ಲವಾ? ಮತ್ತೆ ದೇವರು ಇದನ್ನು ಯಾಕೆ ಬೀಳೋಕೆ ಬಿಟ್ಟರು?”

ಇತಿಹಾಸದ ಉತ್ತರ ನಮಗೆ ಗೊತ್ತಿತ್ತು. ಮತ್ತೆ ಮತ್ತೆ ಎರಗಿದ ಕಾಲರಾ, ಮಲೇರಿಯಾ ಹಾವಳಿಗೆ ಜನ ಸತ್ತರು, ಉಳಿದವರು ನಗರ ಬಿಟ್ಟರು. 1759ರಲ್ಲಿ ವೈಸರಾಯ್ ಪಣಜಿಗೆ ಹೋದನು. 1843ರಲ್ಲಿ ಪಣಜಿಯೇ ಅಧಿಕೃತ ರಾಜಧಾನಿಯಾಯಿತು. ಈ ನಡುವೆ 1835ರಲ್ಲಿ ಪೋರ್ಚುಗೀಸ್ ಸರ್ಕಾರ ಗೋವೆಯ ಧಾರ್ಮಿಕ ಸಭೆಗಳನ್ನು ಹೊರಹಾಕಿತು. ಕಾಯುವವರಿಲ್ಲದ ದೇವಾಲಯದ ಕಮಾನು ಚಾವಣಿ 1842ರಲ್ಲಿ ಬಿತ್ತು. 1931ರಲ್ಲಿ ಮುಂಭಾಗವೂ ಗೋಪುರದ ಅರ್ಧವೂ ಉರುಳಿದವು. ಇದನ್ನೆಲ್ಲ ಹೇಳಿ, ಜನರಿಲ್ಲದ ದೇವಾಲಯ ನಿಲ್ಲುವುದಿಲ್ಲ ಮಗಳೇ ಎಂದೆವು. ಅವಳು ಕೂಡಲೇ “ಹಾಗಾದರೆ ಇದರ ಗಂಟೆ?” ಎಂದಳು. ಆ ಗಂಟೆ ಈಗ ಪಣಜಿಯ ನಿಷ್ಕಳಂಕ ಮಾತೆಯ ದೇವಾಲಯದಲ್ಲಿದೆ. ಗೋಪುರ ಬಿದ್ದರೂ ಗಂಟೆ ಜನರಿರುವ ಕಡೆ ಹೋಗಿ ಬಾರಿಸುತ್ತಿದೆ ಎಂದು ಹೇಳುವಾಗ ನಮ್ಮ ಮನಸ್ಸಿಗೂ ಸ್ವಲ್ಪ ಸಮಾಧಾನವಾಯಿತು.

ಎರಡನೆಯ ಪ್ರಶ್ನೆಗೆ ಕಾರಣರಾದವರು ನಮ್ಮ ತಾಯಿ. ಮರದ ನೆರಳಲ್ಲಿ ಬುತ್ತಿ ಬಿಚ್ಚುತ್ತ ಅವರು, “ನಮ್ಮ ಹಿರಿಯರೂ ಈ ಕಡೆಯಿಂದಲೇ ಕನ್ನಡ ನಾಡಿಗೆ ಓಡಿ ಬಂದದ್ದಂತೆ” ಎಂದರು. ಮಗು ಸುಮ್ಮನಾಗಲಿಲ್ಲ. “ಇಲ್ಲಿಯ ರಾಜನೂ ಕ್ರೈಸ್ತ, ನಾವೂ ಕ್ರೈಸ್ತರು. ಮತ್ತೆ ಯಾಕೆ ಓಡಿಹೋಗಬೇಕಿತ್ತು ಅಜ್ಜಿ?”

ತಾಯಿ ನಮ್ಮ ಮುಖ ನೋಡಿದರು. ಬರಗಾಲ, ತೆರಿಗೆಯ ಭಾರ, 1683ರಲ್ಲಿ ಸಂಭಾಜಿಯ ದಂಡಯಾತ್ರೆಯಂತಹ ಯುದ್ಧಗಳು ಕಾರಣ ಎಂದು ಹೇಳಿ ಮುಗಿಸಬಹುದಿತ್ತು. ಅವೆಲ್ಲ ನಿಜವೇ. ಆದರೆ ಇನ್ನೊಂದು ಕಾರಣವೂ ಇತ್ತು. ಪ್ರಧಾನ ದೇವಾಲಯದ ಸಮೀಪದಲ್ಲೇ ಧರ್ಮವಿಚಾರಣಾ ನ್ಯಾಯಮಂಡಳಿಯ ಕಟ್ಟಡವಿತ್ತು. ಇಂದು ಅದರ ಕುರುಹೂ ಇಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಈ ಮಂಡಳಿ, ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ, 1812ರವರೆಗೂ ನಡೆಯಿತು. ಅಂಗಳದಲ್ಲಿ ತುಳಸಿ ಬೆಳೆಸುವುದು, ಹಿಂದಿನವರ ಉಡುಗೆ ಉಡುವುದು, ಮದುವೆಯಲ್ಲಿ ಹಳೆಯ ಪದ್ಧತಿ ಉಳಿಸಿಕೊಳ್ಳುವುದು ಕೂಡ 1736ರ ಆಜ್ಞೆಯಂತೆ ಅಪರಾಧವಾಗಿತ್ತು. ಇಂಥ ಮಂಡಳಿ ಬೇಕೆಂದು 1546ರಲ್ಲಿ ರಾಜನಿಗೆ ಪತ್ರ ಬರೆದವರಲ್ಲಿ ನಮ್ಮ ಸಂತ ಝೇವಿಯರರೂ ಒಬ್ಬರು. ಅದು ಬರುವ ಮೊದಲೇ ಅವರು ತೀರಿಕೊಂಡಿದ್ದರು ಎಂಬುದು ನಿಜ. ಆದರೆ ಅವರು ಬರೆದರು ಎಂಬುದೂ ನಿಜ.

ಹಬ್ಬದ ದಿನ ಇದನ್ನೇಕೆ ಹೇಳಬೇಕು ಎಂದು ಕೆಲವರಿಗೆ ಅನಿಸಬಹುದು. ಜಗದ್ಗುರು ಎರಡನೆಯ ಜಾನ್ ಪಾಲರು 2000ದ ಮಾರ್ಚ್ 12ರಂದು, ಸತ್ಯದ ಸೇವೆಯ ಹೆಸರಿನಲ್ಲಿ ಧರ್ಮಸಭೆಯ ಮಕ್ಕಳು ಮಾಡಿದ ಬಲಾತ್ಕಾರಕ್ಕಾಗಿ ಬಹಿರಂಗವಾಗಿ ದೇವರಲ್ಲಿ ಕ್ಷಮೆ ಬೇಡಿದರು. ಅವರು ಮುಚ್ಚಿಡದದ್ದನ್ನು ನಾವು ಒಂದು ಮಗುವಿನಿಂದ ಮುಚ್ಚಿಡಬಾರದು ಎನಿಸಿತು. ಸಂತರೂ ತಮ್ಮ ಕಾಲದ ಮನುಷ್ಯರೇ. ನಾವು ಗೌರವಿಸುವುದು ಅವರ ತಪ್ಪನ್ನಲ್ಲ, ಅವರಲ್ಲಿ ಬೆಳಗಿದ ದೈವಕೃಪೆಯನ್ನು. ಮಗು ಎಲ್ಲವನ್ನೂ ಕೇಳಿ, “ಹಾಗಾದರೆ ಅವರು ಮಾಡಿದ ಒಳ್ಳೆಯದು ಏನು?” ಎಂದಿತು.

ಆ ಉತ್ತರಕ್ಕೆ ಬಾಲಯೇಸುವಿನ ಮಹಾದೇವಾಲಯಕ್ಕೆ ಹೋಗಬೇಕಾಯಿತು. 1594ರಲ್ಲಿ ಅಡಿಗಲ್ಲು ಕಂಡು 1605ರಲ್ಲಿ ಪವಿತ್ರೀಕರಣಗೊಂಡ, ಗಾರೆಯಿಲ್ಲದ ಕೆಂಪು ಕಲ್ಲಿನ ದೇವಾಲಯವಿದು. ಸಂತರ ಪಾರ್ಥಿವ ಶರೀರವಿರುವ ಬೆಳ್ಳಿಯ ಪೆಟ್ಟಿಗೆಯನ್ನು 1637ರ ಸುಮಾರಿಗೆ ಗೋವೆಯ ಅಕ್ಕಸಾಲಿಗರೇ ಮಾಡಿದರು. ಅದರ ಕೆಳಗಿನ ಅಮೃತಶಿಲೆಯ ಪೀಠ ಇಟಲಿಯ ಟಸ್ಕನಿ ದೊರೆ ಮೂರನೆಯ ಕೊಸಿಮೊ ಕಳಿಸಿದ್ದು, 1698ರಲ್ಲಿ ಇಲ್ಲಿ ಸ್ಥಾಪಿತವಾಯಿತು. ಆದರೆ ಒಳಗೆ ಮಲಗಿರುವವರು ಬೆಳ್ಳಿಯನ್ನಾಗಲಿ ಅಮೃತಶಿಲೆಯನ್ನಾಗಲಿ ಬಯಸಿದವರಲ್ಲ. ಪ್ಯಾರಿಸ್ಸಿನಲ್ಲಿ ಓದುತ್ತ ಕೀರ್ತಿಯ ಕನಸು ಕಾಣುತ್ತಿದ್ದ ಅವರ ಮುಂದೆ ಗೆಳೆಯ ಇಗ್ನಾಸಿಯವರು ಇಟ್ಟದ್ದು, ಲೋಕದ ಗಳಿಕೆ ಮತ್ತು ಆತ್ಮದ ನಷ್ಟದ ಕುರಿತು ಪ್ರಭು ಕೇಳಿದ ಪ್ರಶ್ನೆಯನ್ನೇ. 1542ರ ಮೇ 6ರಂದು ಗೋವೆಗೆ ಬಂದಿಳಿದಾಗ ಜಗದ್ಗುರುಗಳ ರಾಯಭಾರಿಯಾಗಿದ್ದರೂ ವಾಸಕ್ಕೆ ಆರಿಸಿಕೊಂಡದ್ದು ಆಸ್ಪತ್ರೆಯನ್ನು. ರೋಗಿಗಳನ್ನೂ ಸೆರೆಯವರನ್ನೂ ಕುಷ್ಠರೋಗಿಗಳನ್ನೂ ಸಂತೈಸಿದರು. ಕೈಯಲ್ಲೊಂದು ಚಿಕ್ಕ ಗಂಟೆ ಹಿಡಿದು, ಬಾರಿಸುತ್ತ ಬೀದಿ ಬೀದಿ ಸುತ್ತಿ, ಮಕ್ಕಳನ್ನೂ ದಾಸದಾಸಿಯರನ್ನೂ ಧರ್ಮೋಪದೇಶಕ್ಕೆ ಕರೆತಂದರು. 1552ರ ಡಿಸೆಂಬರ್ 3ರಂದು ಚೀನಾದ ಹೊಸ್ತಿಲಲ್ಲಿರುವ ಸಾನ್ಸಿಯನ್ ದ್ವೀಪದಲ್ಲಿ ಅವರು ಪ್ರಾಣ ಬಿಟ್ಟಾಗ ಬಳಿಯಲ್ಲಿ ದೊರೆಗಳಿರಲಿಲ್ಲ, ಗೋಪುರವಿರಲಿಲ್ಲ.

“ಆ ಚಿಕ್ಕ ಗಂಟೆ ಎಲ್ಲಿದೆ ದೊಡ್ಡಪ್ಪ?” ಎಂದಳು ಮಗಳು. ನಾವು ಪೆಟ್ಟಿಗೆಯ ಮುಂದೆ ಸಾಲುಗಟ್ಟಿ ನಿಂತಿದ್ದ ಜನರನ್ನು ತೋರಿಸಿದೆವು. ಬೇರೆ ಬೇರೆ ಊರಿನವರು, ಕ್ರೈಸ್ತರಲ್ಲದವರೂ ಅನೇಕರು, ಕೈಮುಗಿದು ಮೆಲ್ಲನೆ ಸಾಗುತ್ತಿದ್ದರು.

ಪ್ರಿಯರೇ, ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಧರ್ಮಕೇಂದ್ರದಲ್ಲಿ ಹೊಸ ಗಂಟೆಗೋಪುರ ಕಟ್ಟುವ ಆಲೋಚನೆಯಿದೆ. ಅದರ ನಕ್ಷೆ ನಮ್ಮ ಮೇಜಿನ ಮೇಲಿದೆ. ಸುತ್ತಲಿನ ಊರುಗಳಿಗೆಲ್ಲ ಕಾಣುವಷ್ಟು ಎತ್ತರವಿರಲಿ ಎಂಬ ಆಸೆ ಎಲ್ಲರಿಗಿಂತ ಹೆಚ್ಚಾಗಿ ನಮ್ಮದೇ ಆಗಿತ್ತು. ಗೋವೆಯಿಂದ ಬಂದ ಮೇಲೆ ಆ ನಕ್ಷೆ ಬಿಡಿಸಿದಾಗ ಕಂಡದ್ದು ಪವಿತ್ರ ಬೆಟ್ಟದ ಆ ಅರ್ಧ ಗೋಪುರ. ಗೋಪುರ ಬೇಡವೆಂದು ನಾವು ಹೇಳುವುದಿಲ್ಲ. ಅದನ್ನು ಪಾಲನಾ ಸಮಿತಿ ನಿರ್ಧರಿಸಲಿ. ಆದರೆ ಅದಕ್ಕಿಂತ ಮೊದಲು, ಭಾನುವಾರದ ಧರ್ಮೋಪದೇಶಕ್ಕೆ ಬಾರದೆ ಉಳಿದ ಮಕ್ಕಳ ಮನೆಗಳಿಗೆ ನಾವೇ ಹೋಗಿಬರಬೇಕೆಂದು ನಿಶ್ಚಯಿಸಿದ್ದೇವೆ. ಹಬ್ಬದ ಒಂಬತ್ತು ದಿನಗಳ ಪ್ರಾರ್ಥನೆಯ ಅವಧಿಯಲ್ಲೇ ಆ ಕೆಲಸ ಆರಂಭವಾಗಲಿದೆ. ನಿಮ್ಮ ಬಾಗಿಲಿಗೂ ಬರುತ್ತೇವೆ.

ದೊಡ್ಡ ಗಂಟೆಗಳ ನಗರದಲ್ಲಿ ಚಿಕ್ಕ ಗಂಟೆ ಹಿಡಿದು ನಡೆದ ಸಂತ ಫ್ರಾನ್ಸಿಸ್ ಝೇವಿಯರರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.