ಮಾತು-ಕಿವಿಗಳ ಪದವಿ: ಮುಂಬಯಿಯಲ್ಲೂ ಮೈಸೂರಿನಲ್ಲೂ

ಮಾತು ತಡವಾದ ಮಗುವಿಗೆ ಬಜೆ ತೇಯ್ದು ನೆಕ್ಕಿಸುವುದು ನಮ್ಮ ಮನೆಗಳ ಹಳೆಯ ರೂಢಿ. ಮೂಗನೆಂದು ಕರೆಸಿಕೊಂಡವನ ನಾಲಗೆ ಎಷ್ಟೋ ವೇಳೆ ನೆಟ್ಟಗೇ ಇರುತ್ತದೆ, ಕೊರತೆಯಿರುವುದು ಕಿವಿಯಲ್ಲಿ ಎಂಬುದು ನಮ್ಮ ಹಿರಿಯರಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ. ಇಂಥ ದೋಷಗಳನ್ನು ಪದವಿ ತರಗತಿಯಲ್ಲಿ ಕುಳಿತು ಕಲಿಯುವ ಏರ್ಪಾಡು ನಮ್ಮ ದೇಶದಲ್ಲಿ ಬೇರುಬಿಟ್ಟದ್ದು 1966ರಲ್ಲಿ. ಮುಂಬಯಿ ಕನ್ನಡಿಗರಾದ ನಮಗೆ ಆಪ್ತವಾದ ಎರಡು ಊರುಗಳಿಗೂ ಆ ಕಥೆಯಲ್ಲಿ ಪಾಲಿದೆ.

ನಮ್ಮ ಮುಂಬಯಿ ಸೆಂಟ್ರಲ್‌ನ ನಾಯರ್ ಆಸ್ಪತ್ರೆಗೆ ಸೇರಿದ ಟೋಪಿವಾಲಾ ವೈದ್ಯಕೀಯ ಕಾಲೇಜಿನಲ್ಲಿ ಆ ವರ್ಷ ಬಿ.ಎಸ್ಸಿ. ಶಿಕ್ಷಣ ಮೊದಲಾಯಿತು. ಅದೇ ವರ್ಷ ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ರಾಷ್ಟ್ರಪತಿ ರಾಧಾಕೃಷ್ಣನ್ ಶಂಕುಸ್ಥಾಪನೆ ಮಾಡಿದರು. ಅಲ್ಲಿ ಮೊದಲು ಬಂದದ್ದು ಎಂ.ಎಸ್ಸಿ.; ಬಿ.ಎಸ್ಸಿ. ಬಂದದ್ದು 1968ರಲ್ಲಿ. ತಳಪಾಯಕ್ಕೆ ಮುಂಚೆ ಮಾಳಿಗೆಯೇ ಎಂದು ನಗಬೇಕಿಲ್ಲ. ಕಲಿಸುವವರೇ ವಿರಳವಾಗಿದ್ದ ಶಾಸ್ತ್ರಕ್ಕೆ ಮೊದಲು ಗುರುಗಳು ಬೇಕಷ್ಟೆ.

ಕಲಿಯಬೇಕಾದದ್ದೇನು ಕಡಿಮೆಯೇ? ಕಿವಿ-ಗಂಟಲುಗಳ ರಚನೆ, ಶಬ್ದದ ಭೌತಶಾಸ್ತ್ರ, ಮನಶ್ಶಾಸ್ತ್ರ, ಭಾಷಾವಿಜ್ಞಾನ. ಉಗ್ಗು, ಸೀಳಂಗುಳ, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರ ಆರೈಕೆ. ಆಡಿಯೋಮೀಟರ್ ಹಿಡಿದು 250ರಿಂದ 8000 ಹರ್ಟ್ಸ್‌ವರೆಗಿನ ನಾದಗಳನ್ನು ಕೇಳಿಸಿ ಗುರುತು ಹಾಕಬೇಕು. "ಕರೆದರೆ ತಿರುಗಿ ನೋಡುತ್ತಾನೆ, ಕಿವಿ ಚೆನ್ನಾಗಿದೆ" ಎನ್ನುವ ತಾಯಿಗೆ, ಕರೆದ ದನಿ ಕೇಳಿದರೂ 'ಸ', 'ಶ'ಗಳಂಥ ಎತ್ತರದ ಸ್ಥಾಯಿಯ ಧ್ವನಿಗಳು ಮಗುವಿಗೆ ಕೇಳದಿರಬಹುದು ಎಂದು ತಿಳಿಹೇಳಬೇಕು.

ಆದರೆ ನಿಜವಾದ ತೊಡಕು ಯಂತ್ರದ್ದಲ್ಲ, ಭಾಷೆಯದು. ಇಂಗ್ಲಿಷ್ ಪುಸ್ತಕಗಳಲ್ಲಿ ನಮ್ಮ 'ಳ', 'ಣ'ಗಳಿಗೆ ಜಾಗವೆಲ್ಲಿ? 'ತ'ಕ್ಕೂ 'ಟ'ಕ್ಕೂ ಇರುವ ಅಂತರವೆಲ್ಲಿ? ಐದು ವರ್ಷದ ಮಗು 'ಕಾಗೆ'ಯನ್ನು 'ತಾದೆ' ಎಂದರೆ ಪರೀಕ್ಷಿಸಬೇಕು. ಹಳೆ ಮೈಸೂರಿನ ಹಳ್ಳಿಯ ಮಗು 'ಹಾಲು' ಎನ್ನದೆ 'ಆಲು' ಎಂದರೆ ಅದು ಮನೆಯ ನುಡಿ. ಅದಕ್ಕೆ ಚಿಕಿತ್ಸೆ ಮಾಡಹೊರಟವನಿಗೇ ಪಾಠ ಬೇಕು! ಈ ವಿವೇಕ ಪರದೇಶದ ಗ್ರಂಥದಿಂದ ಬರುವಂಥದಲ್ಲ. 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಕನ್ನಡದ ಪದಗಳಿಂದಲೇ ಉಚ್ಚಾರಣೆಯ ಪರೀಕ್ಷೆಯೊಂದನ್ನು ಸಿದ್ಧಪಡಿಸಿದ್ದು ಆದ್ದರಿಂದ ಸಣ್ಣ ಮಾತಲ್ಲ. ಇವರಲ್ಲಿ ರತ್ನರೆಂದರೆ, ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದ, ರಂಗಭೂಮಿಯ ಬಳಗ ಬಲ್ಲ ನಾಟಕಕಾರ ನ. ರತ್ನ. ಆಡುಮಾತಿನ ಬೆಲೆ ನಾಟಕದವರಿಗೆ ಗೊತ್ತಿರದೆ ಇನ್ನಾರಿಗೆ?

ನಮ್ಮ ಹೊರನಾಡಿನ ಮನೆಗಳಿಗೆ ಇದು ದೂರದ ವಿಷಯವಲ್ಲ. ಮಗುವಿಗೆ ಮನೆಯಲ್ಲಿ ಕನ್ನಡವೋ ತುಳುವೋ, ಚಾಳಿನಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮಾತು ಕೊಂಚ ತಡವಾದರೆ ಸಾಕು, "ಮೊದಲು ಆ ಕನ್ನಡ ಬಿಡಿಸಿ" ಎಂಬ ಉಪದೇಶ ಬಂದೇಬಿಡುತ್ತದೆ. ಹಲವು ಭಾಷೆ ಕೇಳುವುದರಿಂದ ಭಾಷಾದೋಷ ಹುಟ್ಟುವುದಿಲ್ಲವೆಂದು ಸಂಶೋಧನೆ ಸಾರುತ್ತಿದೆ. ದೋಷ ನಿಜವಾಗಿದ್ದರೆ ಅದು ಮಗು ಕಲಿಯುವ ಎಲ್ಲ ಭಾಷೆಗಳಲ್ಲೂ ಇಣುಕುತ್ತದೆ. ಕನ್ನಡ ಬಿಡಿಸಿದರೆ ಅಜ್ಜಿಯೊಡನೆ ಆಡುವ ಮಾತು ಹೋದೀತು, ದೋಷ ಹೋಗದು.

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯಾದ ಮೇಲೆ ಈ ಶಿಕ್ಷಣಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಕಟ್ಟುಪಾಡು ಬಂತು. ಹಿಂದೆ ಮೂರು ವರ್ಷವಿದ್ದ ಪದವಿಗೆ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ನಾಲ್ಕಾಯಿತು. ಪಿ.ಯು.ಸಿ. ವಿಜ್ಞಾನ ಮುಗಿಸಿ ವೈದ್ಯಕೀಯ, ಇಂಜಿನಿಯರಿಂಗ್ ಎರಡೇ ದಾರಿ ಎಂದು ಕುಳಿತ ನಮ್ಮ ಮಕ್ಕಳು ಈ ದಾರಿಯನ್ನೂ ಒಮ್ಮೆ ವಿಚಾರಿಸಲಿ. ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಮಗುವನ್ನು ಮಾತಾಡಿಸಬಲ್ಲ ಹುಡುಗ ಹುಡುಗಿಯರಿಗೆ ಮುಂಬಯಿಯ ಆಸ್ಪತ್ರೆಗಳಲ್ಲಿ ಕೈತುಂಬ ಕೆಲಸವಿದೆ.