ಗಾಳಿ ಬಂದಾಗ ತೂರಿಕೊಳ್ಳುವ ಲೆಕ್ಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹಳೆಯ ಬಳ್ಳಾರಿ ಸೀಮೆಯ ಈ ಪಶ್ಚಿಮ ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿ ಮಳೆ ಕಡಿಮೆ, ಗಾಳಿ ಧಾರಾಳ. ಕಣದಲ್ಲಿ ಜೋಳ ತೂರುತ್ತಿದ್ದ ರೈತನಿಗೆ ಗಾಳಿ ಬೀಸುವ ಹೊತ್ತು ಗೊತ್ತಿತ್ತು. ಅಲ್ಲಿಯವರೆಗೆ ರಾಶಿ ಕಣದಲ್ಲೇ ಕಾದಿರುತ್ತಿತ್ತು. ವಿದ್ಯುತ್ತಿಗೆ ಹಾಗೆ ಕಾಯುವ ಗುಣವಿಲ್ಲ. ಹುಟ್ಟಿದ ಕ್ಷಣದಲ್ಲೇ ಅದು ಬಳಕೆಯಾಗಬೇಕು. ಇಂದು ಈ ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ, ಕೆಳಗಿನ ಹೊಲಗಳಲ್ಲಿ ಪಂಪ್‌ಸೆಟ್ಟುಗಳು ತಮ್ಮ ಪಾಳಿಯ ಕರೆಂಟಿಗೆ ಕಾಯುತ್ತಿವೆ. ಇವೆರಡರ ನಡುವೆ ಇರುವುದು ತಂತಿ ಮಾತ್ರವಲ್ಲ, ಒಂದು ಮಾರುಕಟ್ಟೆಯೂ ಇದೆ. ಅದು ಬೆಳೆದು ಬಂದ ಬಗೆಯನ್ನು ನೋಡೋಣ.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದಾಗ ಹೊತ್ತಿನ ಪ್ರಶ್ನೆ ಏಳಲಿಲ್ಲ. ಗಣಿ ಹಗಲಿರುಳೂ ನಡೆಯುತ್ತಿತ್ತು. 1953ರಲ್ಲಿ ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಸೇರಿದವು. ಆ ದಶಕದ ಕೊನೆಯ ಹೊತ್ತಿಗೆ ತುಂಗಭದ್ರಾ ಅಣೆಕಟ್ಟಿನ ಬಳಿ, ಕಾಲುವೆಗೆ ಬಿಟ್ಟ ನೀರಿನಿಂದಲೇ ಟರ್ಬೈನುಗಳು ತಿರುಗತೊಡಗಿದವು. ನೀರನ್ನು ಕಟ್ಟಿಡಬಹುದು, ಬೇಕಾದಾಗ ಬಿಡಬಹುದು. 1957ರಲ್ಲಿ ಸ್ಥಾಪನೆಯಾದ ವಿದ್ಯುತ್ ಮಂಡಳಿಗೆ ಯೂನಿಟ್ಟಿನ ಬೆಲೆ ಗಂಟೆಗಂಟೆಗೂ ಬದಲಾಗಬೇಕೆಂದು ಅನ್ನಿಸಲು ಕಾರಣವೇ ಇರಲಿಲ್ಲ.

ಗಾಳಿ ಬಂದು ಈ ನೆಮ್ಮದಿಯನ್ನು ಕೆಡಿಸಿತು. 1990ರ ದಶಕದಲ್ಲಿ ಹಡಗಲಿಯಿಂದ ಹೊಳೆಯಾಚೆಗಿನ ಕಪ್ಪತಗುಡ್ಡದ ಮೇಲೆ ಕರ್ನಾಟಕ ವಿದ್ಯುತ್ ನಿಗಮದ ಚಿಕ್ಕ ಗಾಳಿಯಂತ್ರಗಳು ನಿಂತವು. 1999ರಲ್ಲಿ ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಬಂತು. 2005ರಲ್ಲಿ ಆಯೋಗವು ಗಾಳಿ ವಿದ್ಯುತ್ತಿಗೆ ಯೂನಿಟ್ಟಿಗೆ 3 ರೂಪಾಯಿ 40 ಪೈಸೆಯ ದರ ನಿಗದಿ ಮಾಡಿತು. ಆಷಾಢದ ನಡುರಾತ್ರಿಗೂ ಅದೇ ದರ, ಮಾರ್ಚಿ ತಿಂಗಳ ಸಂಜೆಗೂ ಅದೇ ದರ. ಬಂಡವಾಳ ಹೂಡುವವರಿಗೆ ಧೈರ್ಯ ತುಂಬಲು ಆಗ ಇದು ಬೇಕಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಗಾಳಿ ವಿದ್ಯುತ್ತಿನ ಸಿಂಹಪಾಲು ಬರುವುದು ಮುಂಗಾರಿನಲ್ಲಿ. ಮಳೆ ಬಿದ್ದರೆ ಪಂಪುಗಳು ನಿಂತು ಬೇಡಿಕೆ ಇಳಿಯುವುದೂ ಆಗಲೇ.

ವ್ಯಾಪಾರಕ್ಕೆ ಗಡಿಯಾರ ಬಂದದ್ದು ಬೇರೆ ದಾರಿಯಿಂದ. 2003ರ ಜನವರಿಯಲ್ಲಿ ದಕ್ಷಿಣ ಭಾರತದ ಜಾಲಕ್ಕೆ ಹೊಸ ದರಪದ್ಧತಿ ಅನ್ವಯವಾಯಿತು. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಮಾಡಿ, ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಎಳೆದುಕೊಂಡ ರಾಜ್ಯದಿಂದ ಆ ಕ್ಷಣದ ಆವರ್ತನಕ್ಕೆ ತಕ್ಕಂತೆ ದುಡ್ಡು ವಸೂಲು ಮಾಡುವ ಕ್ರಮವದು. 2008ರಲ್ಲಿ ವಿದ್ಯುತ್ ವಿನಿಮಯ ಕೇಂದ್ರ ಆರಂಭವಾಯಿತು. ಆದರೂ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಒಂದೇ ಲಯದಲ್ಲಿ ಮಿಡಿಯತೊಡಗಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ ಮಾರ್ಗ ಕೂಡಿಕೊಂಡಾಗ. ನಮ್ಮಲ್ಲಿ ಗಾಳಿ ಬೀಸುವಾಗ ತಮಿಳುನಾಡಿನಲ್ಲೂ ಬೀಸುತ್ತಿರುತ್ತದೆ. ಹೆಚ್ಚಾದದ್ದನ್ನು ನೆರೆಯವರಿಗೆ ಮಾರೋಣವೆಂದರೆ ಅವರ ಅಂಗಡಿಯೂ ತುಂಬಿರುತ್ತಿತ್ತು. ಉತ್ತರದ ದಾರಿ ಅಗಲವಾದದ್ದು ದೊಡ್ಡ ಸಂಗತಿ.

2016ರಲ್ಲಿ ರಾಜ್ಯದ ಆಯೋಗವು ಗಾಳಿಯವರೂ ಮುಂಚಿತವಾಗಿ ಅಂದಾಜು ಕೊಡಬೇಕೆಂದು ನಿಯಮ ಜಾರಿಗೆ ತಂದಿತು. 100 ಮೆಗಾವಾಟ್ ಸಾಮರ್ಥ್ಯದ ಒಂದು ಘಟಕ 60 ಮೆಗಾವಾಟ್ ಕೊಡುತ್ತೇನೆಂದು ಹೇಳಿ 40 ಕೊಟ್ಟಿತೆನ್ನಿ. ಸಾಮರ್ಥ್ಯದ ಶೇಕಡ 15ರವರೆಗೆ ತಪ್ಪಿದರೆ ಮಾಫಿ. ಉಳಿದ 5 ಮೆಗಾವಾಟ್ ಕಾಲು ಗಂಟೆಯಲ್ಲಿ 1,250 ಯೂನಿಟ್ಟಾಗುತ್ತದೆ. ಆ ಹಂತದ ದಂಡ ಯೂನಿಟ್ಟಿಗೆ 50 ಪೈಸೆ, ಒಟ್ಟು 625 ರೂಪಾಯಿ. ತಪ್ಪು ಹೆಚ್ಚಿದಂತೆ ದಂಡ ಒಂದು ರೂಪಾಯಿಗೆ, ಆಮೇಲೆ ಒಂದೂವರೆ ರೂಪಾಯಿಗೆ ಏರುತ್ತಿತ್ತು. ಪಂಚಾಂಗದವರಿಗೂ ಇಷ್ಟು ಕಟ್ಟುನಿಟ್ಟು ಇಲ್ಲ! 2020ರ ಜೂನ್‌ನಲ್ಲಿ ಅರ್ಧ ಗಂಟೆಗೊಮ್ಮೆ ಹರಾಜು ನಡೆಯುವ ಮಾರುಕಟ್ಟೆ ದೇಶದಲ್ಲಿ ಆರಂಭವಾದದ್ದರಿಂದ, ಅಂದಾಜು ತಪ್ಪಿದರೆ ಕೊರತೆಯನ್ನು ಅಂದೇ ಕೊಂಡು ತುಂಬಲು ದಾರಿಯಾಯಿತು.

ಆದರೆ ದೀರ್ಘಕಾಲದ ಖರೀದಿ ಮಾತ್ರ ಗಡಿಯಾರವನ್ನು ಮರೆಯಿತು. 2017ರ ಫೆಬ್ರವರಿಯ ರಾಷ್ಟ್ರೀಯ ಹರಾಜಿನಲ್ಲಿ ಗಾಳಿಯ ದರ 3 ರೂಪಾಯಿ 46 ಪೈಸೆಗೆ, ಅದೇ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 2 ರೂಪಾಯಿ 43 ಪೈಸೆಗೆ ಇಳಿಯಿತು. ಗೆದ್ದವರು ಕಡಿಮೆ ಬೆಲೆ ಕೂಗಿದವರು. ಯಾವ ಹೊತ್ತಿನಲ್ಲಿ ಕೊಡುತ್ತೀರಿ ಎಂದು ಆ ಹರಾಜುಗಳು ಕೇಳಲಿಲ್ಲ. 2019ರಲ್ಲಿ ಪಾವಗಡದ ಸೌರ ಉದ್ಯಾನ 2,050 ಮೆಗಾವಾಟ್ ಮುಟ್ಟಿತು. ಇಂಥ ಉದ್ಯಾನಗಳು ದೇಶದೆಲ್ಲೆಡೆ ಬೆಳೆದಂತೆ ವಿನಿಮಯ ಕೇಂದ್ರದಲ್ಲಿ ನಡುಹಗಲಿನ ವಿದ್ಯುತ್ತು ಅಗ್ಗವಾಗಿ, ಹೊತ್ತು ಮುಳುಗಿದ ಮೇಲೆ ದುಬಾರಿಯಾಗತೊಡಗಿತು. 2023ರಲ್ಲಿ ಯೂನಿಟ್ಟಿಗೆ 10 ರೂಪಾಯಿಯ ಮಿತಿ ಹಾಕಬೇಕಾಯಿತು. ಮುಂಗಾರಿನ ಇರುಳಲ್ಲೂ ತಿರುಗುವ ಗಾಳಿಯಂತ್ರದ ಯೂನಿಟ್ಟು ಮಧ್ಯಾಹ್ನದ ಯೂನಿಟ್ಟಿಗೆ ಸಮವಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು, ನನ್ನ ದೃಷ್ಟಿಯಲ್ಲಿ, ಈ ಕಥೆಯ ದೊಡ್ಡ ಕೊರತೆ.

ರೈತನಿಗೆ ಇದರಿಂದ ಏನು? 2019ರ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ ಫೀಡರುಗಳಿಗೆ ಹತ್ತಿರದಲ್ಲೇ ಸೌರ ವಿದ್ಯುತ್ ಕೂಡಿಸಲು ಅವಕಾಶವಾಗಿದೆ. ಹಾಗೆ ಕೂಡಿದ ಕಡೆ ನೀರು ಹಗಲಿಗೇ ಸಿಗುತ್ತದೆ. ಬ್ಯಾಟರಿ ಹಿಡಿದು ಹಾವು-ಚೇಳಿನ ಭಯದಲ್ಲಿ ಕತ್ತಲಲ್ಲಿ ಮೋಟಾರು ಹಾಕಲು ಹೋಗುವುದು ತಪ್ಪುತ್ತದೆ. ಪಂಪು ಹಗಲಿಗೆ ಸರಿದಂತೆ, ಗುಡ್ಡದ ಮೇಲಿನ ಇರುಳ ಗಾಳಿಗೆ ಗಿರಾಕಿ ಸಿಗುವುದು ದೂರದ ನಗರಗಳಲ್ಲಿ.